ನಾನು ಬಾಯಿಪಾಠ ಮಾಡಿಸಿದ ಐದು ಪದ

ಯಾರ್ಮಿಕ್ ಮೈದಾನದ ಬೇಲಿಗೆ ಮೂತಿ ತಾಗಿಸಿ ಕಾರು ನಿಲ್ಲಿಸಬೇಕೆಂದರೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಬೇಕು. ನಮ್ಮ ಜಾಗ ಮಾತ್ರ ಯಾರೂ ಹಿಡಿಯುತ್ತಿರಲಿಲ್ಲ. ಸ್ಕೋರು ಹಲಗೆಯ ಎಡಕ್ಕೆ, ಎರಡನೇ ನೀಲಗಿರಿ ಮರದ ಬುಡದಲ್ಲಿ ಅದು ಖಾಲಿ ಇರುತ್ತಿತ್ತು. ಹೊರಗಿನವರು ಗೊತ್ತಿಲ್ಲದೆ ನಿಲ್ಲಿಸಿದರೆ ಯಾರಾದರೊಬ್ಬರು ಹೋಗಿ ಕಿಟಕಿ ತಟ್ಟಿ, "ಅದು ಟ್ರೆಗ್ ಹೆಂಡ್ತಿ ಜಾಗ, ಆ ಕಡೆ ಹೋಗಿ" ಅನ್ನುತ್ತಿದ್ದರು. ನಾಲ್ಕು ವರ್ಷ ಅಲ್ಲಿ ಕೂತು, ನಮ್ಮವರ ಗೋಲು ಬಿದ್ದಾಗಲೆಲ್ಲ ಸುತ್ತಲಿನ ಕಾರಿನವರ ಜೊತೆ ನಾನೂ ಹಾರ್ನ್ ಒತ್ತಿದ್ದೇನೆ. ಈಗ ಆ ಕಡೆ ನೋಡಿದರೆ ಮುಖ ಬಿಸಿಯಾಗುತ್ತದೆ.

ಟ್ರೆಗ್ ಅಂದರೆ ನನ್ನ ಗಂಡ, ಕ್ಯಾಲಮ್ ಟ್ರೆಗೆಂಜಾ. ಈ ಊರಿನಿಂದ ಮೆಲ್ಬರ್ನಿಗೆ ಹೋಗಿ ದೊಡ್ಡ ಲೀಗಿನಲ್ಲಿ ಫುಟ್ಬಾಲ್, ಅಂದರೆ ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ನಮ್ಮ ಆಸ್ಟ್ರೇಲಿಯಾದ ಫುಟ್ಬಾಲ್, ಆಡಿದವನು ಅವನೊಬ್ಬನೇ. ಕ್ಲಬ್ಬಿನ ಕೋಣೆಯಲ್ಲಿ, ಬಿಯರ್ ನಲ್ಲಿಗಳ ಮೇಲ್ಗಡೆ ಅವನ ಫೋಟೋ ಇದೆ. ಮೂವತ್ತೇಳನೇ ನಂಬರಿನ ಜೆರ್ಸಿ, ಎದುರಾಳಿಯ ಭುಜದ ಮೇಲೆ ಮೊಣಕಾಲು ಊರಿ ಆಕಾಶದಲ್ಲಿ ಚೆಂಡು ಹಿಡಿದಿದ್ದಾನೆ. ಎಂಟು ವರ್ಷದಲ್ಲಿ ಐವತ್ತೆಂಟು ಪಂದ್ಯ. ನಮ್ಮತ್ತೆ ಗ್ಲೆನಿಸ್ ಕ್ಯಾಂಟೀನಿನಲ್ಲಿ ಬಿಸಿ ಮಾಂಸದ ಪೈ ಕೊಡುತ್ತಾ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು: "ಐವತ್ತೆಂಟಲ್ಲ ಕಣ್ರೀ, ಐವತ್ತೆಂಟೂವರೆ. ಒಂದಿನ ಅರ್ಧಕ್ಕೇ ಸ್ಟ್ರೆಚರ್‌ನಲ್ಲಿ ಹೊತ್ಕೊಂಡು ಹೋದ್ರಲ್ಲ, ಅದನ್ನ ಯಾರು ಲೆಕ್ಕ ಹಾಕ್ತಾರೆ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕ್ಯಾಲಮ್‌ನ ಅಪ್ಪ ಶಾಲೆಯ ಬಸ್ಸು ಓಡಿಸುತ್ತಿದ್ದರು. ಮಗ ಮನೆಗೆ ಎರಡು ಮೈಲಿ ಇರುವಾಗಲೇ ಬಸ್ಸಿನಿಂದ ಇಳಿದುಬಿಡುತ್ತಿದ್ದನಂತೆ, ಜಲ್ಲಿ ರಸ್ತೆಯಲ್ಲಿ ಚೆಂಡು ಪುಟಿಸಿಕೊಂಡು ಓಡಿ ಬರಲಿಕ್ಕೆ. ನಮ್ಮ ಆಟದಲ್ಲಿ ಚೆಂಡು ಹಿಡಿದು ಓಡುವವನು ಹದಿನೈದು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಪುಟಿಸಲೇಬೇಕು, ಚೆಂಡೋ ಮೊಟ್ಟೆಯ ಆಕಾರ, ಯಾವ ಕಡೆ ಹಾರುತ್ತದೋ ಅದಕ್ಕೇ ಗೊತ್ತಿಲ್ಲ. ಜಲ್ಲಿಯ ಮೇಲೆ ಅದನ್ನು ಪಳಗಿಸಿದವನಿಗೆ ಹುಲ್ಲಿನ ಮೇಲೆ ಏನು ಕಷ್ಟ? ಹದಿನೆಂಟಕ್ಕೆ ನಗರದ ಕ್ಲಬ್ಬುಗಳು ಹುಡುಗರನ್ನು ಆರಿಸುವ ದಿನ, ಐವತ್ನಾಲ್ಕನೆಯವನಾಗಿ ಅವನ ಹೆಸರು ಟೀವಿಯಲ್ಲಿ ಬಂತು. ಗ್ಲೆನಿಸ್ ಕೈಲಿದ್ದ ಸ್ಕೋನ್ ಬನ್ನಿನ ತಟ್ಟೆ ಕಾರ್ಪೆಟ್ಟಿನ ಮೇಲೆ ಬಿತ್ತು. ಜಾಮಿನ ಕಲೆ ಈಗಲೂ ಇದೆ, ಅವರು ಅದನ್ನು ತೆಗೆಸಲು ಬಿಟ್ಟಿಲ್ಲ.

ಅಲ್ಲಿಂದ ಮುಂದಿನದು ಫೋಟೋದಷ್ಟು ಚೆಂದವಿರಲಿಲ್ಲ. ಎರಡು ವರ್ಷ ಎರಡನೇ ತಂಡದಲ್ಲೇ ಕಳೆದ. ಇಪ್ಪತ್ತಕ್ಕೆ ಮೊದಲ ಪಂದ್ಯ, ಮೈದಾನಕ್ಕೆ ಇಳಿಯುವ ಮುಂಚೆ ಕಸದ ಬುಟ್ಟಿಯಲ್ಲಿ ವಾಂತಿ ಮಾಡಿದ್ದನಂತೆ. ಭುಜಕ್ಕೆ ಎರಡು ಸಲ ಆಪರೇಷನ್, ಮೊಣಕಾಲಿಗೆ ಒಂದು ಸಲ. ಅವನ ಕೆಲಸವೇ ಹಿಂದಕ್ಕೆ ಓಡುತ್ತಾ, ಬೆನ್ನ ಹಿಂದಿನಿಂದ ನುಗ್ಗಿ ಬರುವವರನ್ನು ನೋಡದೆ, ಬೀಳುವ ಚೆಂಡಿನ ಕೆಳಗೆ ನಿಲ್ಲುವುದು. ಹಾಗೆ ನಿಲ್ಲುವವನನ್ನು ನಮ್ಮವರು ಧೈರ್ಯಸ್ಥ ಅನ್ನುತ್ತಾರೆ. ಅವನ ಕ್ಲಬ್ಬು ಆ ಎಂಟು ವರ್ಷದಲ್ಲಿ ಒಂದೇ ಒಂದು ಸಲವೂ ಫೈನಲ್ ತಲುಪಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲೂ ನಾವಿಬ್ಬರು ಸೋಫಾದ ಮೇಲೆ ಕೂತು ಬೇರೆಯವರು ಫೈನಲ್ ಆಡುವುದನ್ನು ನೋಡುತ್ತಿದ್ದೆವು. "ಒಂದೇ ಒಂದು ಆಡ್ಬೇಕು ಬ್ರೀ, ಎಲ್ಲಾದ್ರೂ ಸರಿ," ಅಂತ ಒಂದು ಸಲ ಹೇಳಿದ್ದು ನೆನಪಿದೆ.

ನಮ್ಮಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು. ಬಾರದ ದಿನ ಸೊನ್ನೆ, ಅದರ ಪಕ್ಕ ಒಂದು ಸಾಲು: ಕುರಿ ಸತ್ತಿದ್ದು, ಬೇಲಿ ಕಟ್ಟಿದ್ದು. ಅಭ್ಯಾಸ ನನಗೂ ಬಂತು. ಮೆಲ್ಬರ್ನಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವಾಗಲೂ ಬಾಲ್ಕನಿಯಲ್ಲಿ ಮಳೆಯ ಅಳತೆ ಇಟ್ಟಿದ್ದೆ. ಅದಕ್ಕೇ ನನಗೆ ತಾರೀಖಿನ ಸಮೇತ ಗೊತ್ತು, ನಾನು ಯಾವ ದಿನ ಏನು ಮಾಡಿದೆ ಅಂತ.

ತಲೆಗೆ ಪೆಟ್ಟು ಬಿದ್ದವನನ್ನು ದೊಡ್ಡ ಲೀಗಿನಲ್ಲಿ ಸುಮ್ಮನೆ ಆಡಲು ಬಿಡುವುದಿಲ್ಲ. ಜನವರಿಯಲ್ಲಿ, ತಲೆ ನೆಟ್ಟಗಿರುವಾಗ, ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಪೆಟ್ಟು ಬಿದ್ದ ಮೇಲೆ ಅದೇ ಪರೀಕ್ಷೆ ಮತ್ತೆ, ಎರಡನ್ನೂ ಹೋಲಿಸಿ ನೋಡಲಿಕ್ಕೆ. ಹುಡುಗರು ಜನವರಿಯಲ್ಲೇ ಬೇಕೆಂದು ತಪ್ಪು ಮಾಡುತ್ತಿದ್ದರು, ಗುಂಡಿ ತಡವಾಗಿ ಒತ್ತುತ್ತಿದ್ದರು. ಜನವರಿಯ ಅಂಕವೇ ಕಮ್ಮಿಯಾದರೆ ಆಮೇಲೆ ಎಷ್ಟು ಮಂಕಾದರೂ ವ್ಯತ್ಯಾಸ ಕಾಣುವುದಿಲ್ಲ. ಕ್ಯಾಲಮ್ ಮನೆಗೆ ಬಂದು, "ಈ ಸಲ ನಾನು ಕುರಿಗಿಂತ ದಡ್ಡ ಅಂತ ಬಂದಿದೆ" ಅಂದು ನಕ್ಕಿದ್ದ. ಜನವರಿ ಹದಿನೇಳು, ಮಳೆ ಸೊನ್ನೆ. ಅದನ್ನೂ ಬರೆದಿಟ್ಟಿದ್ದೇನೆ, ತಮಾಷೆ ಅಂತ.

ಆದರೆ ಕಂಪ್ಯೂಟರಿನ ಜೊತೆ ಬಾಯಿಪರೀಕ್ಷೆಯೂ ಇತ್ತು. ಐದು ಪದ ಹೇಳುತ್ತಾರೆ, ಮಧ್ಯೆ ಬೇರೆ ಏನೇನೋ ಕೇಳುತ್ತಾರೆ, ಕೊನೆಗೆ ಆ ಐದನ್ನೂ ತಿರುಗಿ ಹೇಳಬೇಕು. ಆ ಪದಗಳನ್ನು ಬರೆದ ಕಾರ್ಡುಗಳು ಇದ್ದದ್ದೇ ಮೂರು ನಾಲ್ಕು. ಎಂಟನೇ ವರ್ಷ ಆಗಸ್ಟಿನಲ್ಲಿ ಅವನಿಗೆ ಮೂರನೇ ಸಲ ಪೆಟ್ಟು ಬಿತ್ತು. ಮುಂದಿನ ವರ್ಷಕ್ಕೆ ಅವನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಅಂತ ತೀರ್ಮಾನವಾಗುವ ಹೊತ್ತು ಅದು. ಮಂಗಳವಾರ ಪರೀಕ್ಷೆ. ಸೋಮವಾರ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಅವನನ್ನು ಕೂರಿಸಿಕೊಂಡೆ. ಹಳೆಯ ಕಾರ್ಡುಗಳಲ್ಲಿದ್ದದ್ದನ್ನು ಅವನೇ ನೆನಪಿಸಿಕೊಂಡು ಹೇಳಿದ, ನಾನು ಬರೆದುಕೊಂಡೆ. ಕೊಡೆ, ಬೆಣ್ಣೆ, ಮೊಳೆ, ದೋಣಿ, ಕಂಬಳಿ. ಅದು ಮೊದಲ ಕಾರ್ಡು. ಈರುಳ್ಳಿ ಹೆಚ್ಚುತ್ತಾ ಕೇಳಿದೆ, ಪಾತ್ರೆ ತೊಳೆಯುತ್ತಾ ಕೇಳಿದೆ. ತಪ್ಪಿದರೆ ಕಿವಿ ಹಿಂಡುತ್ತಿದ್ದೆ. ನನಗೆ ಖುಷಿಯಾಗಿತ್ತು, ಅದನ್ನು ಹೇಳಲೇಬೇಕು. ಗಂಡನ ಕೆಲಸದಲ್ಲಿ ನಾನೂ ಒಂದು ಕೈ ಕೊಡುತ್ತಿದ್ದೇನೆ ಅನ್ನಿಸಿತ್ತು.

ಪಾಸಾದ. ಇನ್ನೂ ಮೂರು ಪಂದ್ಯ ಆಡಿದ. ಅಕ್ಟೋಬರಿನಲ್ಲಿ ನಾಲ್ಕು ನಿಮಿಷದ ಮಾತುಕತೆಯಲ್ಲಿ ಅವನನ್ನು ಬಿಟ್ಟು ಕಳಿಸಿದರು. ಮೂರು ಪಂದ್ಯ, ಅಷ್ಟಕ್ಕೇ.

ಊರಿಗೆ ಬಂದೆವು. ಯಾರ್ಮಿಕ್ ತಂಡಕ್ಕೆ ಆಡುವುದೂ ಅವನೇ, ಕಲಿಸುವುದೂ ಅವನೇ. ವಾರದ ದಿನ ಸೈಲೊ ಕಣಜಗಳಲ್ಲಿ ಗೋಧಿ ತುಂಬಿಸುವ ಕೆಲಸ. ಈಡಿ ಹುಟ್ಟಿದಳು. ಮಗುವನ್ನು ಮಲಗಿಸುವಾಗ ಏನೋ ಗುನುಗುತ್ತಿದ್ದೆ. ಒಂದು ದಿನ ಗ್ಲೆನಿಸ್ ಬಾಗಿಲಲ್ಲಿ ನಿಂತು, "ಅದ್ಯಾವ ಹಾಡು ಬ್ರೀ? ಕೊಡೆ, ಬೆಣ್ಣೆ, ಮೊಳೆ… ನಾನು ಕೇಳೇ ಇಲ್ಲ," ಅಂದರು. ನಾನು ಏನೋ ಒಂದು ಹೇಳಿ ಮಾತು ಮರೆಸಿದೆ. ಅಂದಿನಿಂದ ಮಗುವಿಗೆ ಬೇರೆ ಹಾಡು ಹೇಳಲು ಪ್ರಯತ್ನಪಟ್ಟೆ. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಕ್ಯಾಲಮ್‌ಗೆ ಸಣ್ಣ ಸಣ್ಣದು ಶುರುವಾಯಿತು. ಫ್ರಿಜ್ಜಿನ ಬಾಗಿಲು ತೆಗೆದು ನಿಂತೇ ಇರುವುದು. ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡುವುದು. ಒಂದು ಗುರುವಾರ ತನ್ನ ಅಮ್ಮನ ಮನೆಯಿಂದ ಈಡಿಯನ್ನು ಕರೆದುಕೊಂಡು ಬರಲು ಹೋದವನು ಡೈಪರಿನ ಚೀಲ ಮಾತ್ರ ಎತ್ತಿಕೊಂಡು ನೇರ ತಾಲೀಮಿಗೆ ಹೋದ. ಗ್ಲೆನಿಸ್ ಫೋನ್ ಮಾಡಿ, "ಚೀಲ ತಗೊಂಡು ಹೋಗಿದ್ದಾನೆ, ಮಗು ಬೇಡ್ವಂತೆ. ನಾನೇ ಇಟ್ಕೊಳ್ಳಲಾ?" ಅಂದರು. ಅದಕ್ಕೂ ನಕ್ಕೆವು. ಡೈರಿಯಲ್ಲಿ ಬರೆದೆ. ಬರೆದದ್ದನ್ನು ಯಾರಿಗೂ ತೋರಿಸಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಯಾರ್ಮಿಕ್ ತಂಡ ಇಪ್ಪತ್ತೆರಡು ವರ್ಷದ ಮೇಲೆ ಸೆಮಿಫೈನಲ್ ತಲುಪಿತು. ಗೆದ್ದರೆ ನೇರ ಫೈನಲ್, ನಡುವೆ ಎರಡು ವಾರ. ಕ್ಯಾಲಮ್‌ಗೆ ಮೂವತ್ತು. ಅವನಿಗೆ ಇನ್ನೊಂದು ಅವಕಾಶ ಇಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ತಲೆಗೆ ಪೆಟ್ಟು ಅಂತ ಒಮ್ಮೆ ಬರೆದುಕೊಂಡರೆ ಮೂರು ವಾರ ಆಡುವ ಹಾಗಿಲ್ಲ, ಅದೂ ಎಲ್ಲರಿಗೂ ಗೊತ್ತಿತ್ತು.

ಸೆಮಿಫೈನಲ್ ದಿನ, ನಾಲ್ಕು ಕ್ವಾರ್ಟರಿನ ಆಟದಲ್ಲಿ ಮೂರನೆಯದರ ಕೊನೆಗೆ ಅವನು ಎಂದಿನಂತೆ ಹಿಂದಕ್ಕೆ ಓಡುತ್ತಾ ಚೆಂಡಿಗೆ ಕೈ ಚಾಚಿದ. ಇನ್ನೊಬ್ಬನ ಮೊಣಕಾಲು ತಲೆಯ ಹಿಂಬದಿಗೆ ಬಡಿಯಿತು. ಬಿದ್ದವನ ಕೈಯೊಂದು ಗಾಳಿಯಲ್ಲೇ ಎದ್ದು ನಿಂತಿತ್ತು, ಕ್ಷಣ ಹೊತ್ತು. ಆಮೇಲೆ ತಾನೇ ಎದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಂಡದಲ್ಲಿ ಗಾಯ ನೋಡುವವರು ಡೆಸ್ ಕ್ರೆಲ್. ಅರವತ್ತು ದಾಟಿದೆ, ಸೈಲೊದ ತೂಕದ ಕಟ್ಟೆಯಲ್ಲಿ ಜೀವಮಾನ ಕಳೆದವರು. ಅವರು ಯಾರನ್ನೂ ಕೂರಿಸಿ ಪರೀಕ್ಷೆ ಮಾಡುವುದಿಲ್ಲ. ಹೆಗಲಿಗೆ ಕೈ ಹಾಕಿ ಬೇಲಿಯುದ್ದಕ್ಕೂ ನಡೆಸುತ್ತಾ ಕೇಳುತ್ತಾರೆ. ನಡೆಯುತ್ತಾ ಸುಳ್ಳು ಹೇಳುವುದು ಕಷ್ಟ ಅಂತ ಅವರ ಲೆಕ್ಕ. ಐದು ಪದ ಆಗಲೇ ಹೇಳಿಯಾಗಿತ್ತು. ನನ್ನ ಕಾರಿನ ಮುಂದೆ ಬರುವಷ್ಟರಲ್ಲಿ ಬೇರೆ ಪ್ರಶ್ನೆಗಳು ನಡೆಯುತ್ತಿದ್ದವು. ನನ್ನ ತೊಡೆಯ ಮೇಲೆ ಈಡಿ ಬಿಸ್ಕತ್ತು ಚೀಪುತ್ತಿದ್ದಳು, ಕಿಟಕಿ ಇಳಿಸಿತ್ತು.

"ಲೋ ಟ್ರೆಗ್, ಇದು ಯಾವ ಮೈದಾನ?"

"ನಿಮ್ಮಪ್ಪಂದು."

"ನಮ್ಮಪ್ಪಂದಾಗಿದ್ರೆ ನಿನ್ನ ಒಳಗೆ ಬಿಡ್ತಿರ್ಲಿಲ್ಲ. ಸರಿಯಾಗಿ ಹೇಳು."

"ಯಾರ್ಮಿಕ್."

"ಎಷ್ಟನೇ ಕ್ವಾರ್ಟರ್?"

"ಮೂರು. ಈಗ ಮುಗೀತು."

"ಸರಿ. ಆಗ್ಲೇ ಹೇಳಿದ್ನಲ್ಲ ಐದು, ಅದನ್ನ ಹೇಳು."

"ಕೊಡೆ," ಅಂದ ಕ್ಯಾಲಮ್. "ಬೆಣ್ಣೆ. ಮೊಳೆ."

ಡೆಸ್‌ನ ಹತ್ತಿರ ಇರುವುದು ಒಂದೇ ಕಾರ್ಡು, ಹಳೆಯದು, ಮೆಲ್ಬರ್ನಿನಲ್ಲಿ ನಾನು ಬರೆದುಕೊಂಡ ಮೊದಲ ಕಾರ್ಡು ಯಾವುದೋ ಅದೇ. ನಾನು ಈರುಳ್ಳಿ ಹೆಚ್ಚುತ್ತಾ ಕೇಳಿದ್ದು. ಮಗುವನ್ನು ಮಲಗಿಸುತ್ತಾ ಗುನುಗಿದ್ದು. ಅವನು ನಿದ್ದೆಯಲ್ಲೂ ಹೇಳಬಲ್ಲ ಪದಗಳು. ಅವನು ನಿಂತ. ಬಾಯಿ ತೆರೆದಿತ್ತು, ಏನೂ ಬರಲಿಲ್ಲ. ಕಾರಿನ ಮುಂದಿನ ಗಾಜಿನ ಮೂಲಕ ನನ್ನನ್ನು ನೋಡಿದ. ಡೆಸ್‌ನ ಬೆನ್ನು ನನ್ನ ಕಡೆಗಿತ್ತು.

ನಾನು ಯೋಚಿಸಲಿಲ್ಲ. ತುಟಿ ಅಲ್ಲಾಡಿಸಿದೆ. ದೋಣಿ.

"ದೋಣಿ," ಅಂದ. "ಕಂಬಳಿ."

"ಹೋಗು," ಅಂದರು ಡೆಸ್.

ಕೊನೆಯ ಕ್ವಾರ್ಟರಿನಲ್ಲಿ ಅವನು ಐವತ್ತು ಮೀಟರಿನಿಂದ ಗೋಲು ಹೊಡೆದ. ಬಿಳಿ ಕೋಟಿನ ಅಂಪೈರ್ ಎರಡೂ ಬಾವುಟ ಬೀಸಿದ. ಮೈದಾನದ ಸುತ್ತಲಿನ ಕಾರುಗಳೆಲ್ಲ ಕೂಗಿಕೊಂಡವು, ಈಡಿ ಬೆದರಿ ಅಳತೊಡಗಿದಳು. ನನ್ನ ಕೈ ಹಾರ್ನಿನ ಮೇಲೆ ಹೋಗಲಿಲ್ಲ. ಗ್ಲೆನಿಸ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕಿಟಕಿಯಲ್ಲಿ ಬಗ್ಗಿದರು. "ಏನಮ್ಮಾ, ಹಾರ್ನ್ ಕೆಟ್ಟೋಯ್ತಾ? ನನ್ನ ಮಗ ಕಣೆ ಅದು."

"ಈಡಿ ಹೆದರ್ಕೊಂಡ್ಳು ಗ್ಲೆನಿಸ್," ಅಂದೆ. ಮಗುವನ್ನು ಅಡ್ಡ ಹಿಡಿದುಕೊಂಡು ಹೇಳಿದ ಆ ನೆಪ ನನಗೆ ಇನ್ನೂ ಚುಚ್ಚುತ್ತದೆ.

ಗೆದ್ದರು. ಒಳಗೆ ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ಕ್ಲಬ್ಬಿನ ಹಾಡು ಹಾಡಿದರು, ಕ್ಯಾಲಮ್ ಎಲ್ಲರಿಗಿಂತ ಜೋರಾಗಿ. ಮನೆಗೆ ಹೊರಟಾಗ ಕಾರು ನಾನು ಓಡಿಸಿದೆ. ಸೈಲೊಗಳ ತಿರುವು ದಾಟಿದ ಮೇಲೆ ಸಾಸಿವೆಯ ಹಾಗೆ ಹಳದಿ ಹೂ ಬಿಟ್ಟ ಕನೋಲಾ ಹೊಲಗಳನ್ನು ನೋಡುತ್ತಾ ಅವನು ಕೇಳಿದ, "ಬ್ರೀ, ಯಾರು ಗೆದ್ದಿದ್ದು?"

ತಮಾಷೆ ಅಂದುಕೊಂಡು, "ನಿಮ್ಮಪ್ಪ," ಅಂದೆ.

ಅವನು ನಗಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದ.

ಭಾನುವಾರ ಬೆಳಿಗ್ಗೆ ಈಡಿಗೆ ಗಂಜಿ ತಿನ್ನಿಸುತ್ತಾ ಹೇಳಿದೆ, "ನಾನು ಡೆಸ್ ಮನೆಗೆ ಹೋಗಿ ಎಲ್ಲಾ ಹೇಳ್ತೀನಿ."

"ಏನಂತ?"

"ನಿನಗೆ ದೋಣಿ ನೆನಪಾಗ್ಲಿಲ್ಲ ಅಂತ. ನಾನು ಹೇಳ್ಕೊಟ್ಟೆ ಅಂತ. ಮೆಲ್ಬರ್ನ್‌ನಲ್ಲೂ ನಾನೇ ಹೇಳ್ಕೊಟ್ಟೆ ಅಂತ."

ಅವನು ಟೋಸ್ಟು ಕೆಳಗಿಟ್ಟ. "ಒಂದೇ ಪಂದ್ಯ ಬ್ರೀ. ಆಮೇಲೆ ಬೂಟು ನೀನೇ ಸುಟ್ಟುಹಾಕು."

"ಆಗ್ಲೂ ನೀನು ಹಾಗೇ ಅಂದಿದ್ದೆ."

"ಆಗ ನೀನು ಬೇಡ ಅಂದ್ಯಾ? ಕಿವಿ ಹಿಂಡಿ ಹೇಳ್ಕೊಟ್ಟೋಳು ಯಾರು? ಈಗ ಒಳ್ಳೆಯವಳಾಗೋಕೆ ನನ್ನ ಫೈನಲ್ಲೇ ಬೇಕಾಗಿತ್ತಾ?"

ಅವನು ಹೇಳಿದ್ದು ನಿಜ. ಈಡಿಯ ಗಲ್ಲ ಒರೆಸಿ, ಅವಳನ್ನು ಅವನ ತೊಡೆಯ ಮೇಲೆ ಕೂರಿಸಲು ಹೋದವಳು ತಡೆದೆ. ಅವಳನ್ನು ಎತ್ತಿಕೊಂಡೇ ಹೊರಟೆ. ಗಂಡನ ಹತ್ತಿರ ಮಗುವನ್ನು ಬಿಟ್ಟು ಹೋಗಲು ಹಿಂದೆಮುಂದೆ ನೋಡಿದ್ದು ಅದೇ ಮೊದಲು. ಅವನು ಅದನ್ನು ಗಮನಿಸಿದ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಡೆಸ್ ಅಂಗಳದಲ್ಲಿ ತಂಡದ ಐಸ್ ಪೆಟ್ಟಿಗೆಗಳನ್ನು ಪೈಪು ಹಿಡಿದು ತೊಳೆಯುತ್ತಿದ್ದರು. ನಾನು ಡೈರಿ ತೆಗೆದು, ಆಗಸ್ಟಿನ ಆ ಸೋಮವಾರದ ಪುಟ ತೋರಿಸಿದೆ. ಅವರು ಕೈ ಒರೆಸಿಕೊಂಡು ಕನ್ನಡಕ ಹಾಕಿ ಓದಿದರು. ಕೊಡೆ, ಬೆಣ್ಣೆ, ಮೊಳೆ. ನೀರು ಸುಮ್ಮನೆ ಹರಿಯುತ್ತಿತ್ತು.

"ನಿನ್ನೆ ನಾಲ್ಕನೇದು ನಾನು ಹೇಳಿದ್ದು ಡೆಸ್. ನಿಮ್ಮ ಬೆನ್ನ ಹಿಂದೆ."

"ಗೊತ್ತು," ಅಂದರು.

"ಗೊತ್ತಿತ್ತಾ?"

"ಅವನು ನಿನ್ನ ಕಡೆ ನೋಡಿದ್ದು ಕಂಡೆ ಬ್ರೀ. ನಾನು ತಿರುಗಿ ನೋಡ್ಬೋದಿತ್ತು." ನಲ್ಲಿ ನಿಲ್ಲಿಸಲು ಹೋದರು, ಅರ್ಧಕ್ಕೇ ನಿಂತರು. "ಇಪ್ಪತ್ತೆರಡು ವರ್ಷ ಆಗಿತ್ತಲ್ಲ. ತಿರುಗಿ ನೋಡ್ಲಿಲ್ಲ, ಅಷ್ಟೇ."

ಈಡಿ ಕೆಳಗಿಳಿದು ಹರಿಯುವ ನೀರಿನಲ್ಲಿ ಕೈ ಬಡಿದಳು. ಕೊನೆಗೆ ಡೆಸ್, "ಲೀಗಿಗೆ ನಾನೇ ಬರೀತೀನಿ ಕಾಗದ," ಅಂದರು. "ನಿನ್ನ ಹೆಸರು ಬೇಡ."

"ಹಾಕಿ," ಅಂದೆ. "ನಂದೂ ಇರಲಿ."

ಊರು ಸಣ್ಣದು, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಎಲ್ಲರಿಗೂ ಗೊತ್ತಾಯಿತು. ಫೈನಲ್ ದಿನ ಕ್ಯಾಲಮ್ ಕೋಟು ಹಾಕಿಕೊಂಡು ಬೇಲಿಯ ಹತ್ತಿರ ಆಟಗಾರರ ಜಾಗ ಬರೆಯುವ ಹಲಗೆ ಹಿಡಿದು ನಿಂತ. ಒಂಬತ್ತು ಪಾಯಿಂಟಿಗೆ ಸೋತೆವು. ಗೋಲಿಗೆ ಆರು ಪಾಯಿಂಟು, ಒಂಬತ್ತು ಅಂದರೆ ಎರಡು ಗೋಲಿಗೂ ಕಮ್ಮಿ, ಅವನು ಇದ್ದಿದ್ದರೆ ಹೊಡೆಯುತ್ತಿದ್ದ ಗೋಲುಗಳು ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಬೇಕರಿಯಲ್ಲಿ ಒಬ್ಬಾಕೆ, "ನೀನು ಮಾಡಿದ್ದು ಸರಿ ಬಿಡು ಬ್ರೀ, ಯಾರಿಗೂ ಬೇಜಾರಿಲ್ಲ," ಅಂದರು. ಅವರು ಅಂದ ರೀತಿಗೆ ಬ್ರೆಡ್ಡು ಅಲ್ಲೇ ಬಿಟ್ಟು ಬಂದೆ. ಮೈದಾನದ ನಮ್ಮ ಜಾಗದಲ್ಲಿ ಫೈನಲ್ ದಿನ ಬೇರೆ ಯಾರದೋ ಪಿಕಪ್ ನಿಂತಿತ್ತು. ಯಾರೂ ಹೋಗಿ ಕಿಟಕಿ ತಟ್ಟಲಿಲ್ಲ. ಸಿಟ್ಟು ಬರಲಿಲ್ಲ. ಅಲ್ಲಿ ಕೂರಬೇಕಾಗಲಿಲ್ಲವಲ್ಲ ಅಂತ ಸಮಾಧಾನವೇ ಆಯಿತು.

ಕ್ಯಾಂಟೀನಿಗೆ ಹೋದೆ. ಗ್ಲೆನಿಸ್ ಎರಡು ವಾರದಿಂದ ನನ್ನ ಜೊತೆ ಮಗುವಿನ ವಿಷಯ ಬಿಟ್ಟು ಏನೂ ಮಾತಾಡಿರಲಿಲ್ಲ. ಇಕ್ಕಳ ನನ್ನ ಕೈಗಿಟ್ಟು, "ಈರುಳ್ಳಿ ತಿರುಗಿಸು, ಸೀದೋಗುತ್ತೆ," ಅಂದರು. ತಿರುಗಿಸಿದೆ. ಒಬ್ಬ ಹೊರಗಿನೂರಿನವನು ಪೈ ತೆಗೆದುಕೊಳ್ಳುತ್ತಾ, ಟ್ರೆಗೆಂಜಾ ಎಷ್ಟು ಪಂದ್ಯ ಆಡಿದ್ದು ಅಂತ ಕೇಳಿದ. ಗ್ಲೆನಿಸ್, "ಐವತ್ತೆಂಟು," ಅಂದರು. ಅಲ್ಲಿಗೇ ನಿಲ್ಲಿಸಿದರು. ಸಾಸ್ ಬಾಟಲಿಯ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು.

ಪೆಟ್ಟು ಬಿದ್ದು ಮೂರು ವಾರ ಕಳೆದ ಮೇಲೆ ಡಾಕ್ಟರ್ ಪೆರೇರಾ ಹತ್ತಿರ ಪರೀಕ್ಷೆಗೆ ಹೋದೆವು. ಕ್ಯಾಲಮ್ ಮನೆಯಲ್ಲಿ ಮಾತಾಡುತ್ತಿದ್ದ, ಆದರೆ ಬಿಲ್ಲು, ಡೈಪರು, ಕಾರಿನ ಎಣ್ಣೆ, ಇಷ್ಟೇ. "ನೀನೂ ಬಾ," ಅಂದದ್ದು ಅವನೇ. ಯಾಕೆ ಅಂತ ಕೇಳಲಿಲ್ಲ. ಮುಂದಿನ ವರ್ಷ ಆಡಬಹುದೋ ಇಲ್ಲವೋ ಅನ್ನುವುದು ಆ ಕೋಣೆಯಲ್ಲಿ ತೀರ್ಮಾನವಾಗಬೇಕಿತ್ತು.

ಡಾಕ್ಟರ್ ಹೊಸ ಪದಗಳನ್ನು ಓದಿದರು. ಗಡಿಯಾರ, ಉಪ್ಪು, ಏಣಿ, ಕುದುರೆ, ಗುಂಡಿ. ನಾವು ಯಾರೂ ಕೇಳಿರದ ಕಾರ್ಡು. ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸಿದರು, ಒಂದು ಕಾಲಲ್ಲಿ ನಿಲ್ಲಿಸಿದರು. ಆಮೇಲೆ, "ಆ ಐದು ಪದ ನೆನಪಿದೆಯಾ ಕ್ಯಾಲಮ್? ನಿಧಾನಕ್ಕೆ ಹೇಳಿ."

"ಗಡಿಯಾರ," ಅಂದ. "ಕುದುರೆ."

ಗೋಡೆಯ ಗಡಿಯಾರ ಅವನ ಎದುರಿಗೇ ಇತ್ತು, ಅದು ಬೇರೆ.

ಅವನು ನನ್ನನ್ನು ನೋಡಿದ. ನನಗೆ ಐದೂ ಗೊತ್ತಿತ್ತು. ಉಪ್ಪು ನಾಲಿಗೆಯ ತುದಿಯಲ್ಲೇ ಕೂತಿತ್ತು. ನಾನು ಬಗ್ಗಿ ಈಡಿಯ ಎಡಗಾಲಿನ ಬೂಟಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ. ಕಟ್ಟಿದ್ದನ್ನು ಮತ್ತೆ ಬಿಚ್ಚಿದೆ. ಡಾಕ್ಟರ್ ಕಾದರು. ಅವನು ನನ್ನನ್ನು ನೋಡುತ್ತಲೇ ಇದ್ದ, ನನ್ನ ನೆತ್ತಿಯ ಮೇಲೆ ಅದು ತಿಳಿಯುತ್ತಿತ್ತು.

"ಗೊತ್ತಾಗ್ತಿಲ್ಲ ಡಾಕ್ಟ್ರೇ," ಅಂದ ಕ್ಯಾಲಮ್.

ಹನ್ನೆರಡು ವರ್ಷದಲ್ಲಿ ಯಾವ ಪರೀಕ್ಷೆಯಲ್ಲೂ ಅವನು ಆ ಮಾತು ಹೇಳಿರಲಿಲ್ಲ.

ಮನೆಗೆ ಬಂದು ಬೂಟುಗಳನ್ನು ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ, ಸುಡಲಿಲ್ಲ. ಈಡಿಯನ್ನು ಕರೆದುಕೊಂಡು ಅಂಗಳದಲ್ಲಿ ಸಣ್ಣ ಚೆಂಡು ಪುಟಿಸುತ್ತಾ ಕೂತ. ಕಿಟಕಿಯಿಂದ ನಾನು ಎರಡು ಸಲ ನೋಡಿದೆ, ಅವನು ನೋಡಿದಾಗ ಪರದೆ ಸರಿಪಡಿಸುವ ನೆಪ ಮಾಡಿದೆ. ಡೈರಿಯಲ್ಲಿ ಇಷ್ಟೇ ಬರೆದೆ: ಮಳೆ ಸೊನ್ನೆ. ಕ್ಯಾಲಮ್, ಐದರಲ್ಲಿ ಎರಡು.